ನನ್ನ ಹೊಟ್ಟೆಗೊಂದು ಸೆಂಡಾಫ್

ಬರೆದಿಡುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಹಾಲಿನವನು ಅರ್ಧ ಲೀಟರ್ ಕಡಿಮೆ ಹಾಕಿದ ದಿನ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಕೆಲಸದ ಸುನಂದಾಬಾಯಿ ಪಾಹುಣೆ, ಅಂದರೆ ನೆಂಟರು, ಬಂದರೆಂದು ತಪ್ಪಿಸಿಕೊಂಡ ದಿನ, ಎಲ್ಲವೂ ಯಜಮಾನರ ಬ್ಯಾಂಕಿನ ಹಳೆಯ ಡೈರಿಗಳಲ್ಲಿ ಭದ್ರವಾಗಿವೆ. ಹೀಗಿರುವಾಗ, ತೂಕ ಇಳಿಸುವ ಆಪರೇಷನ್ನಿಗೆ ಮೊದಲು ‘ಹದಿನಾಲ್ಕು ದಿನ ಏನೇನು ಹೊಟ್ಟೆಗೆ ಹೋಯಿತೆಂದು ಬರೆದಿಡಿ’ ಎಂದು ಆಸ್ಪತ್ರೆಯವರು ಹೇಳಿದಾಗ ನನಗೆ ನಗುವೇ ಬಂತು. ಇದೇನು ಪರೀಕ್ಷೆ! ಇದರಲ್ಲಿ ನಾನು ಮೊದಲ ದರ್ಜೆ!

ಫೇಲಾದೆ. ಹೇಗೆ ಎಂಬುದನ್ನೂ ಬರೆದಿಡುತ್ತಿದ್ದೇನೆ. ಅಭ್ಯಾಸಬಲ.

ನನ್ನ ತೂಕ ನೂರೆಂಟು ಕೆಜಿ. ಬಲು ಪವಿತ್ರವಾದ ಸಂಖ್ಯೆ. ಆದರೆ ನನ್ನ ಮೊಣಕಾಲುಗಳಿಗೆ ಅಷ್ಟು ದೈವಭಕ್ತಿ ಇರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸಕ್ಕರೆ ಕಾಯಿಲೆ. ಮೂರು ಬಗೆಯ ಮಾತ್ರೆ ಮುಗಿದು ಮುಂದಿನ ಮೆಟ್ಟಿಲು ಇನ್ಸುಲಿನ್ ಎಂದಿದ್ದರು ಡಾಕ್ಟರು. ಬಾಗಲಕೋಟೆಯಲ್ಲಿ ನನ್ನ ಅವ್ವನಿಗೆ ದಿನಾ ಎರಡು ಹೊತ್ತು ಆ ಸೂಜಿ ಚುಚ್ಚಿದವಳು ನಾನೇ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ಸೆರಗು ಸರಿಸಿ ಕೊಡುತ್ತಿದ್ದಳು. ಆ ಸೂಜಿ ನನಗೆ ಬರಬಾರದು ಎಂಬುದೊಂದೇ ಆಸೆ. ತೂಕ ಇಳಿದರೆ ಬಾರದೆಯೂ ಇರಬಹುದು ಎಂದರು.

ಈಗ ಇರುವುದು ನಾಸಿಕದಲ್ಲಿ. ಅದಕ್ಕೆ ಮೊದಲು ಐದು ವರ್ಷ ಸಂಭಾಜಿನಗರದಲ್ಲಿದ್ದೆವು. ನನ್ನ ಸಕ್ಕರೆಯನ್ನು ಮೊದಲು ಹಿಡಿದದ್ದು ಅಲ್ಲಿಯ ಡಾಕ್ಟರು, ಆಪರೇಷನ್ನಿಗೂ ಅಲ್ಲಿಯದೇ ಒಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಒಂದೇ ತೊಡಕು: ಜೂನ್ ಬಂತೆಂದರೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಗಾಳಿ. ಈ ಸಲ ಯಜಮಾನರ ಸರದಿ ಖಚಿತ. ಆದ್ದರಿಂದ ಮೇ ಕೊನೆಯೊಳಗೆ ಎಲ್ಲ ಮುಗಿಯಬೇಕು ಎಂದು ಅವರು ವರ್ಷವಿಡೀ ಉಳಿಸಿದ ರಜೆಯನ್ನು ಹದಿನೈದು ದಿನ ಒಟ್ಟಿಗೆ ಹಾಕಿದರು.

ಆಪರೇಷನ್ನಿನಲ್ಲೂ ಬಗೆಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಸರ್ಜನ್ ಸಾಹೇಬರು ಹಾಳೆಯ ಮೇಲೆ ಎರಡು ಹೊಟ್ಟೆ ಬರೆದು ತೋರಿಸಿದರು. ಒಂದು ಸ್ಲೀವ್. ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು ಬಾಳೆಕಾಯಿಯಷ್ಟು ಉಳಿಸುವುದು. ಇನ್ನೊಂದು ಬೈಪಾಸ್. ಮೇಲುಗಡೆ ಒಂದು ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಕರುಳಿಗೆ ಜೋಡಿಸುವುದು.

“ಹಂಗಾದ್ರ ಹಳೇ ಹೊಟ್ಟಿ?” ಎಂದು ಕೇಳಿದೆ.

ಯಜಮಾನರು ಅದನ್ನೇ ಹಿಂದಿಯಲ್ಲಿ ಕೇಳಿದರು. ಅದು ಒಳಗೇ ಇರುತ್ತದೆ, ಊಟ ಅದರೊಳಗೆ ಹೋಗುವುದಿಲ್ಲ, ಅಷ್ಟೇ ಎಂದರು ಸರ್ಜನ್.

ನಾನು ಆ ಕ್ಷಣವೇ ಬೈಪಾಸ್ ಎಂದು ನಿರ್ಧರಿಸಿದೆ! ಶ್ರೀಖಂಡದ ಖಾಲಿ ಡಬ್ಬಿಯನ್ನೂ ಎಸೆಯದವಳು ನಾನು. ಐವತ್ತೆರಡು ವರ್ಷ ದುಡಿದ ಹೊಟ್ಟೆಯನ್ನು ಎಸೆಯುವುದುಂಟೆ? ಇರಲಿ ಒಳಗೆ, ಯಾವತ್ತಾದರೂ ಉಪಯೋಗಕ್ಕೆ ಬಂದೀತು.

“ಅದೇನು ಅಟ್ಟದ ಮ್ಯಾಲಿನ ಪಾತೇಲಿ ಏನ?” ಎಂದು ಯಜಮಾನರು ಗೊಣಗಿದರು. ಅವರಿಗೆ ಸ್ಲೀವ್ ಮೇಲೆ ಮನಸ್ಸು. “ಅದು ಸಾದಾ ಕೆಲಸ, ಲಗೂನ ಮುಗೀತದ.”

ಕೊನೆಗೆ ಸರ್ಜನ್ ಅವರೇ, ನನ್ನ ಸಕ್ಕರೆಗೂ ಎದೆಯುರಿಗೂ ಬೈಪಾಸೇ ವಾಸಿ ಎಂದರು. ನನ್ನ ವೈದ್ಯಕೀಯ ಜ್ಞಾನದ ಬಗ್ಗೆ ನನಗೇ ಗೌರವ ಉಕ್ಕಿ ಬಂತು.

ಆ ಉಬ್ಬೇ ಮುಳುವಾಯಿತು. ಆಮೇಲೆ ಡಯಟಿಷಿಯನ್ ಹುಡುಗಿ ಮರಾಠಿಯಲ್ಲಿ ಅರ್ಧ ಗಂಟೆ ವಿವರಿಸಿದಳು. ಹೊಟ್ಟೆಯ ಮೇಲೆ ಲಿವರ್ ಮುಚ್ಚಿಕೊಂಡು ಕೂತಿರುತ್ತದೆ, ಅದು ಸಣ್ಣದಾಗದಿದ್ದರೆ ಸರ್ಜನ್ನರಿಗೆ ಕೈಯಾಡಿಸಲು ಜಾಗವಿರದು, ಅದಕ್ಕಾಗಿ ಎರಡು ವಾರ ಬರೀ ಪ್ರೋಟೀನ್ ಪುಡಿ, ನೀರು ಮಜ್ಜಿಗೆ, ಬೇಳೆಯ ತಿಳಿ. ಸಕ್ಕರೆ ಇಲ್ಲ, ಎಣ್ಣೆ ಇಲ್ಲ. ಹಾಲಿನ ಅರ್ಧ ಲೀಟರ್ ಬರೆದಿಡುವ ನಾನು ಅಂದು ಡೈರಿಯಲ್ಲಿ ಬರೆದದ್ದು ಒಂದೇ ಪದ: ‘ದ್ರವ’. ಏಕೆಂದರೆ ನನ್ನ ಮನಸ್ಸು ಆಗಲೇ ವಾಪಸು ದಾರಿಯ ಸೀರೆಯೂರು ಯೇವಲಾದಲ್ಲಿತ್ತು. ತೆಳ್ಳಗಿನ ನನಗೆ ಒಂದು ಪೈಠಣಿ ಸೀರೆ ಬೇಡವೆ? ತಗೊಂಡೆವು. ನಾಸಿಕಕ್ಕೆ ಬಂದು ರವಿಕೆಯನ್ನೂ ಹೊಲಿಸಿದೆ, ಆಪರೇಷನ್ ಆದ ಒಂದು ವರ್ಷದ ಮೇಲಿನ ಅಳತೆಗೆ! ಟೈಲರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮುಲೀಸಾಠೀ ಕಾ?” ಎಂದ. ಮಗಳಿಗಲ್ಲಪ್ಪಾ, ನನಗೇ ಎಂದೆ. ಅವನು ಟೇಪನ್ನು ಇನ್ನೊಮ್ಮೆ ನೋಡಿಕೊಂಡ.

ಪಥ್ಯದ ಮೊದಲ ಎರಡು ದಿನ ಆದರ್ಶ ರೋಗಿಯಾಗಿದ್ದೆ. ‘ಬೆಳಿಗ್ಗೆ 8.15: ಪ್ರೋಟೀನ್ ಪುಡಿ, ನೀರು. ರುಚಿ: ಗೋಡೆಯ ಸುಣ್ಣ.’ ಮೂರನೆಯ ದಿನ ಪಕ್ಕದ ಮನೆಯ ಜಯಂತಿ ಶೆಟ್ಟರು ಬಂದರು. ಕುಂದಾಪುರದ ಕಡೆಯವರು. ಅವರ ಯಜಮಾನರದು ದೊಡ್ಡ ಉಡುಪಿ ಹೋಟೆಲು.

“ಇನ್ಮೇಲೆ ಒಂದು ಇಡೀ ಮಸಾಲೆ ದೋಸೆ ತಿನ್ಲಿಕ್ಕೆ ಆಗುದಿಲ್ವಾ ನಿಮಗೆ?” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು.

“ಕಾಲುಭಾಗನೂ ಕಷ್ಟ ಅಂತರಿ.”

“ಅಯ್ಯೋ ಮಾರಾಯ್ರೆ! ಮತ್ತೆ ಸೆಂಡಾಫ್ ಇಲ್ದೆ ಹೇಗೆ ಕಳಿಸುದು ಅದನ್ನು?”

ಇಲ್ಲಿ ಒಂದು ವಿಷಯ ಹೇಳಬೇಕು. ಊರೂರು ಅಲೆಯುವ ನಮ್ಮಂಥವರಲ್ಲಿ ಸೆಂಡಾಫ್ ಎಂಬುದು ಹದಿನೇಳನೆಯ ಸಂಸ್ಕಾರ. ಟ್ರಾನ್ಸ್‌ಫರ್ ಆದವರಿಗೆ ಇಲ್ಲಿಯ ಪ್ರತಿ ಕನ್ನಡದ ಮನೆಯಲ್ಲೂ ಒಂದೊಂದು ಊಟ. ಹೋಗುವವರು ಬೇಡ ಎನ್ನುವಂತಿಲ್ಲ, ಎಂದರೆ ಮನಸ್ತಾಪ. ನಾಲ್ಕು ವರ್ಷದಲ್ಲಿ ಎಷ್ಟು ಸಂಸಾರಗಳನ್ನು ನಾನು ಹೋಳಿಗೆ ತಿನ್ನಿಸಿ ತಿನ್ನಿಸಿ ಸಾಗಹಾಕಿದ್ದೇನೋ! ‘ಸಾಕ್ರಿ ವೈನಿ’ ಎಂದವರ ತಾಟಿಗೆ ಇನ್ನೆರಡು ಹಾಕಿದವಳು ನಾನೇ. ಈಗ ನನ್ನ ಹೊಟ್ಟೆಗೆ ಟ್ರಾನ್ಸ್‌ಫರ್ ಆಗಿತ್ತು. ಬೇಡ ಎನ್ನುವ ಬಾಯಿ ನನಗೆಲ್ಲಿಯದು?

“ಆದ್ರ ಬರೇ ದ್ರವ ತಗೋಬೇಕರಿ,” ಎಂದೆ ಮೆಲ್ಲಗೆ.

“ಅಷ್ಟೇ ತಾನೆ? ಅದನ್ನು ನಮಗೆ ಬಿಡಿ!”

ಬಿಟ್ಟೆ. ಅವರು ಗಸಗಸೆ ಪಾಯಸ ಮಾಡಿದರು. ದ್ರವ. ಮರುದಿನ ಇನ್ನೊಂದು ಮನೆಯವರು ಶಾವಿಗೆ ಪಾಯಸ ಮಾಡಿ, ನನ್ನ ಪಥ್ಯದ ಮೇಲಿನ ಗೌರವದಿಂದ ಶಾವಿಗೆಯನ್ನು ಸೋಸಿ ತೆಗೆದು ಕೊಟ್ಟರು. ಶುದ್ಧ ದ್ರವ! ಮಾವಿನ ಕಾಲ ಬೇರೆ. ನಾಲ್ಕು ಮನೆಗಳಲ್ಲಿ ಆಮ್ರಸ. ಒಂದು ಬಟ್ಟಲು ಕುಡಿದರೆ ಮನೆಯವರಿಗೆ ಬೇಸರ, ಎರಡು ಕುಡಿದರೆ ಸಮಾಧಾನ, ಮೂರು ಕುಡಿದರೆ ‘ನಮ್ಮ ಸುಧಾ ವೈನಿ!’ ಒಂದು ಭಾನುವಾರ ಮಿಸಳ್, ಮೊಳಕೆ ಕಾಳಿನ ಖಾರದ ಸಾರು. ಕೆಂಪಗೆ ಎಣ್ಣೆ ತೇಲುವ ರಸ್ಸಾ ಮಾತ್ರ ನನಗೆ. ಆದರೆ ರಸ್ಸಾವನ್ನು ಒಂಟಿಯಾಗಿ ಕುಡಿಯುವುದು ನಾಸಿಕಕ್ಕೆ ಮಾಡುವ ಅವಮಾನವೆಂದು ಒಂದು ಪಾವ್ ಅದ್ದಿದೆ. ಚೆನ್ನಾಗಿ ನೆನೆದ ಪಾವ್ ಕೂಡ ಒಂದು ಬಗೆಯ ದ್ರವವೇ ಎಂದು ನನ್ನ ವಾದ.

ಮಗಳು ಪೂರ್ವಾ ಕಾಲೇಜಿಗೆ ಹೋಗುತ್ತಾಳೆ. ಅವಳದು ಅರ್ಧ ಮರಾಠಿ. “ಅಮ್ಮಾ, ಹೇ ಲಿಕ್ವಿಡ್ ನಾಹೀ ಗ! ಚೀಟಿಂಗ್ ಅದ ಇದು!” ಎಂದು ಕೂಗಿದಳು.

“ಸುಧಾ, ಇಷ್ಟು ತಿಂದ್ರ ಹೆಂಗ?” ಎಂದರು ಯಜಮಾನರು.

“ಎಲ್ಲಿ ತಿಂದೇನ್ರೀ? ಕುಡದೀನಿ!”

ಸಂಜೆ ಡಯಟಿಷಿಯನ್ ಹುಡುಗಿಯ ಫೋನು. “ಕಾಕೂ, ಫಕ್ತ ಲಿಕ್ವಿಡ್ ನಾ?” ಬರೀ ದ್ರವ ತಾನೆ ಎಂದು. ನಾನು ಆತ್ಮಸಾಕ್ಷಿಯಾಗಿ, “ಹೋ, ಫಕ್ತ ಲಿಕ್ವಿಡ್.”

ಹನ್ನೆರಡನೆಯ ದಿನ ಶೆಟ್ಟರ ಹೋಟೆಲಿನ ಮಾಳಿಗೆಯಲ್ಲಿ ಸಾರ್ವಜನಿಕ ಬೀಳ್ಕೊಡುಗೆ. ಉಡಿ ತುಂಬಿದರು. ಜಯಂತಿಯವರು ಭಾಷಣ ಮಾಡಿದರು: “ಈ ಹೊಟ್ಟೆ ನಾಲ್ಕು ವರ್ಷ ನಮ್ಮ ಯಾವ ಅಡಿಗೆಯನ್ನೂ ಹೀಗಳೆಯದೆ ಸೇವೆ ಸಲ್ಲಿಸಿದೆ.” ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ಆ ಭಾವುಕತೆಯಲ್ಲಿ ಎರಡು ಹೋಳಿಗೆ ಹೋದವು. ಹಾಲಿನಲ್ಲಿ ಅದ್ದಿಕೊಂಡು, ಪಥ್ಯ ಮುರಿಯದಂತೆ.

ಇಷ್ಟನ್ನೂ ನಾನು ಡೈರಿಯಲ್ಲಿ ಬರೆದೆ. ಗಂಟೆ, ನಿಮಿಷ, ಬಟ್ಟಲುಗಳ ಸಂಖ್ಯೆ ಸಮೇತ. ಸುಳ್ಳು ಬರೆಯಲು ಈ ಕೈಗೆ ಬರುವುದಿಲ್ಲ. ಬರೆದದ್ದು ಕನ್ನಡದಲ್ಲಿ, ಸಂಭಾಜಿನಗರದ ಆಸ್ಪತ್ರೆಯಲ್ಲಿ ಓದುವವರು ಯಾರು? ಬಾಯಿಂದ ಹಿಂದಿಯಲ್ಲಿ ಸಾರಾಂಶ ಹೇಳಿದರಾಯಿತು.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಭರ್ತಿಯಾದೆ. ತೂಕದ ಯಂತ್ರ ನೂರಾಹತ್ತೂವರೆ ತೋರಿಸಿತು. ನರ್ಸ್ ಚಪ್ಪಲಿ ತೆಗೆಯಿರಿ ಎಂದಳು. ತೆಗೆದೇ ಇದ್ದೆ. ಸಕ್ಕರೆ ಮುನ್ನೂರರ ಹತ್ತಿರ. ಸೋನೋಗ್ರಫಿ ಮಾಡಿದವರು ನನ್ನ ಲಿವರನ್ನು ನೋಡಿ, ಹಳೆಯ ಚಿತ್ರ ನೋಡಿ, ಮತ್ತೆ ಲಿವರನ್ನು ನೋಡಿದರು. ಎರಡು ವಾರ ಪಥ್ಯ ಮಾಡಿ ಲಿವರ್ ದೊಡ್ಡದಾದ ಕೇಸು ಅವರಿಗೆ ಹೊಸದಂತೆ.

ಸರ್ಜನ್ ಸಾಹೇಬರು ಡಯಟಿಷಿಯನ್ ಹುಡುಗಿಯನ್ನು ಕರೆದರು. ಅವಳು ಅಳುಮುಖ ಮಾಡಿಕೊಂಡು ನನ್ನ ಡೈರಿ ತೆರೆದಳು. ತಿರುವಿ ನೋಡಿದಳು, ಉಲ್ಟಾ ಮಾಡಿದಳು. ಅಷ್ಟರಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಒಳಗೆ ಬಂದರು. ಇಣುಕಿ ನೋಡಿದರು. ಮುಖ ಅರಳಿತು.

“ಅಕ್ಕಾರ, ಕನ್ನಡದಾಗ ಬರದೀರಲ್ರೀ! ನಮ್ಮದು ಇಂಡಿ ರೀ, ವಿಜಯಪುರ ಜಿಲ್ಲಾ!”

ನನ್ನ ಜೀವನದಲ್ಲಿ ಊರ ಕಡೆಯವರನ್ನು ಕಂಡು ಹೆದರಿದ್ದು ಅದೇ ಮೊದಲು.

ಅವರು ಗಟ್ಟಿಯಾಗಿ, ಒಂದೊಂದೇ ಸಾಲು ಓದಿ ಹಿಂದಿಯಲ್ಲಿ ಅರ್ಥ ಹೇಳತೊಡಗಿದರು. “ಆರನೇ ದಿನ, ಮಧ್ಯಾಹ್ನ 1.10: ಆಮ್ರಸ, ಮೂರು ಬಟ್ಟಲು, ತುಪ್ಪ ಹಾಕಿದ್ದು. 1.40: ಒತ್ತಾಯಕ್ಕೆ ಇನ್ನೊಂದು... ಎಂಟನೇ ದಿನ: ರಸ್ಸಾ, ಅದರೊಳಗ ಪಾವ್, ನೆನೆದದ್ದು...” ಮೊದಲು ನಗುತ್ತಿದ್ದರು. ಹನ್ನೆರಡನೆಯ ದಿನಕ್ಕೆ ಬರುವಾಗ ಅವರ ದನಿ ಇಳಿಯಿತು. ಡೈರಿ ಮುಚ್ಚಿ ನನ್ನ ಕೈಗಿಟ್ಟರು.

“ಅಕ್ಕಾರ, ಇಷ್ಟು ಖರೆ ಬರೆಯೋ ಪೇಷಂಟ್‌ನ ನಾ ನೋಡಿಲ್ಲ. ಆದ್ರ ಇಂಥಾ ಲಿವರ್ ಇಟ್ಕೊಂಡು, ಇಷ್ಟು ಶುಗರ್‌ನಾಗ ನಿಮ್ಮನ್ನ ಮಲಗಸಾಕ ನನಗ ಧೈರ್ಯ ಇಲ್ಲರಿ. ಒಳಗ ಏನರ ಆದ್ರ ಈ ಹುಡುಗಿ ಜೀವನಪೂರ್ತಿ ಅಳ್ತಾಳ.”

ನೋಡಿದರೆ ಅವಳು ಆಗಲೇ ಅಳುತ್ತಿದ್ದಳು. ದಿನಾ ಸಂಜೆ ನನ್ನನ್ನು ನಂಬಿದ ಹುಡುಗಿ. ನನ್ನ ಎಲ್ಲ ವಾದಗಳೂ ಆ ಕ್ಷಣ ನೀರಾದವು.

ಆಪರೇಷನ್ ರದ್ದು. ಮತ್ತೆ ತಾರೀಖು ಸಿಗುವುದು ಎರಡು ತಿಂಗಳ ಮೇಲೆ. ಅಲ್ಲಿಯವರೆಗೆ ಇನ್ಸುಲಿನ್. ಚೀಟಿಯಲ್ಲಿ ಆ ಪದ ಕಂಡಾಗ ಅವ್ವನ ಸೆರಗು ನೆನಪಾಯಿತು. ನಾನೂ ಗೋಡೆಯ ಕಡೆ ತಿರುಗಿದೆ.

ವಾಪಸು ದಾರಿಯಲ್ಲಿ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯೇವಲಾ ಬಂದಾಗ ಮಾತ್ರ ಕಾರು ನಿಧಾನ ಮಾಡಿ, “ಇಲ್ಲೇನರ ತಗೊಳ್ಳೂದು ಉಳದದೇನು?” ಎಂದರು. ಪೈಠಣಿ ಟ್ರಂಕಿನಲ್ಲಿದೆ. ರವಿಕೆ ಪೂರ್ವಾಗೆ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. ಟೈಲರ್ ಜ್ಞಾನಿ.

ಜೂನ್ ಮೊದಲ ವಾರವೇ ಟ್ರಾನ್ಸ್‌ಫರ್ ಆರ್ಡರ್ ಬಂತು. ಕಲಬುರಗಿಗೆ. ಎರಡು ತಿಂಗಳ ಮೇಲಿನ ಆ ತಾರೀಖಿಗೆ ಯಜಮಾನರು ಹೊಸ ಊರಿನಲ್ಲಿ ರಜೆ ಕೇಳುವುದು ಹೇಗೆ, ಅಷ್ಟು ದೂರ ನಾನು ಬರುವುದು ಹೇಗೆ? ಗೊತ್ತಿಲ್ಲ. ಗೊತ್ತಿರುವುದು ಒಂದೇ. ಈಗ ಶುರುವಾಗುವುದು ಅಸಲಿ ಸೆಂಡಾಫ್. ಈ ಸಲ ಯಾರು ಏನು ಕೊಟ್ಟರೂ ಬೇಡ ಎನ್ನಬೇಕೆಂದು ಸೂಜಿಯ ಮೇಲೆ ಆಣೆ ಮಾಡಿದೆ.

ಸುದ್ದಿ ಕೇಳಿದ ಸಂಜೆಯೇ ಜಯಂತಿ ಶೆಟ್ಟರು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಪಾಪ, ಅವರ ಕಣ್ಣೂ ಕೆಂಪಾಗಿತ್ತು.

“ಎಲ್ಲ ನನ್ನಿಂದ ಆದದ್ದು. ಆ ಪಾಯಸ ಕುಡಿಸಿ ಕುಡಿಸಿ ಕೆಡಿಸಿದೆ ನಿಮ್ಮನ್ನು. ಇವತ್ತು ನೋಡಿ, ಕಾಶಿ ಹಲ್ವ ತಂದಿದ್ದೇನೆ. ಒಂದು ತೊಟ್ಟೂ ದ್ರವ ಇಲ್ಲ!”

ಅಂದಿನ ಡೈರಿ ಹೀಗಿದೆ:

‘ಸಂಜೆ 6.20: ಜಯಂತಿಯವರು ಹಲ್ವ ತಂದರು. ಬೇಡವೇ ಬೇಡ ಎಂದೆ.

6.45: ಖಾಲಿ ಡಬ್ಬಿ ತೊಳೆದು ವಾಪಸು ಕೊಟ್ಟೆ.’