ನಮ್ಮವರ ರಂಗಪ್ರವೇಶ

ಪುರಾಣಗಳಲ್ಲಿ ಅಸುರರನ್ನು ಹುಡುಕಿ ಕೊಂದ ವೀರರಿದ್ದಾರೆ. ನಮ್ಮವರು ದೀಪಗಳನ್ನು ಹುಡುಕಿ ಕೊಲ್ಲುವವರು. ಯಾರೂ ಇಲ್ಲದ ಕೋಣೆಯಲ್ಲಿ ಬಲ್ಬು ಉರಿಯುತ್ತಿದ್ದರೆ, ನಿದ್ದೆಯಲ್ಲೂ ಅದರ ವಾಸನೆ ಇವರ ಮೂಗಿಗೆ ಬಡಿಯುತ್ತದೆ. ನಮ್ಮ ಬಚ್ಚಲಿಗೆ ಹೋದವರು ಎಡೆಬಿಡದೆ ಹಾಡುತ್ತಿರಬೇಕು. ಒಮ್ಮೆ ನನ್ನ ತಂದೆಗೆ ನಡುವೆ ಸಾಲು ಮರೆತುಹೋಯಿತು. ಕಗ್ಗತ್ತಲಲ್ಲಿ, ಕಣ್ತುಂಬ ಸೋಪಿನ ನೊರೆಯೊಂದಿಗೆ ಅವರು ಅಳಿಯನಿಗೆ ಮಾಡಿದ ಆಶೀರ್ವಾದವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಂಥವರನ್ನು ನನ್ನ ತಂಗಿಯ ನಾಟಕಕ್ಕೆ ಕರೆದೊಯ್ಯುವ ಸಾಹಸ ನನ್ನದು. ಹೊಸ ನಮೂನೆಯ ನಾಟಕ. ಬರೆದವಳೂ ಆಡಿಸಿದವಳೂ ಅವಳೇ. ಇದೊಂದು ಸೋತರೆ ನಾಟಕದ ಸಹವಾಸ ಬಿಟ್ಟು ತೆಪ್ಪಗೆ ನೌಕರಿ ಹಿಡಿಯುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು.

"ಅಕ್ಕ, ಭಾವ ಏನೂ ಎಡವಟ್ಟು ಮಾಡದ ಹಾಗೆ ನೋಡ್ಕೊಳ್ಳೇ" ಎಂದಳು.

"ಎಡವಟ್ಟಿರಲಿ, ಕೆಮ್ಮೋಕೂ ಬಿಡಲ್ಲ" ಎಂದು ಎದೆ ತಟ್ಟಿಕೊಂಡೆ. ಮೊದಲ ಸಾಲಿನಲ್ಲಿ ಅವರ ಮಣಿಕಟ್ಟನ್ನು ಪೊಲೀಸರಂತೆ ಹಿಡಿದು ಕೂತೆ.

ಪಾತ್ರಗಳು ನಮಗೆ ಬೆನ್ನು ತಿರುಗಿಸಿ ಗೋಡೆಯೊಡನೆ ಮಾತಾಡಿದವು. ಕೊನೆಗೆ ಒಂದೊಂದಾಗಿ ಮನೆ ಬಿಟ್ಟು ಹೋದವು. ಖಾಲಿ ಕೋಣೆ, ಉರಿಯುವ ಒಂದು ಬಲ್ಬು. ಅದು ಮನುಷ್ಯನ ಆಸೆಯಂತೆ. ಜನ ಅದನ್ನೇ ನೋಡುತ್ತ ಮೌನವಾಗಿ ಮನೆಗೆ ಹೋಗಬೇಕಂತೆ.

ತಂಗಿ ಪರದೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಒಡಹುಟ್ಟಿದವಳು ಒಂದು ಹನಿಯಾದರೂ ಒರೆಸಿಕೊಳ್ಳಬೇಡವೇ? ಕರವಸ್ತ್ರಕ್ಕೆಂದು ಅವರ ಕೈ ಬಿಟ್ಟೆ. ಬರದ ಕಣ್ಣೀರು ಒರೆಸಿ ತಿರುಗಿದರೆ ಪಕ್ಕದ ಕುರ್ಚಿ ಖಾಲಿ!

ನಮ್ಮವರು ಆಗಲೇ ರಂಗವೇರಿದ್ದರು. ಎಲ್ಲವೂ ಸಹಜವಾಗಿರಲೆಂದು ತಂಗಿ ಗೋಡೆಗೆ ನಿಜವಾದ ಸ್ವಿಚ್ಚನ್ನೇ ಹಾಕಿಸಿದ್ದಳು.

ಟಕ್!

ಸಭಾಂಗಣವಿಡೀ ಕತ್ತಲಾಯಿತು. ತಂಗಿಯ ಬಾಳಿನ ದೀಪವನ್ನು ನನ್ನ ತಾಳಿ ಕಟ್ಟಿದವರೇ ಆರಿಸಿಬಿಟ್ಟರಲ್ಲ! ಕತ್ತಲಲ್ಲಿ ಏನೋ ಉರುಳಿತು; ಯಾರೋ ಬಿಕ್ಕಿದರು. ಮರುಕ್ಷಣ ಚಪ್ಪಾಳೆ, ಸಿಡಿಲಿನಂಥ ಚಪ್ಪಾಳೆ!

ದೀಪಗಳು ಬಂದಾಗ ಪತ್ರಿಕೆಯ ವಿಮರ್ಶಕರು ಎದ್ದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಪ್ರೇಕ್ಷಕನೇ ಬಂದು ಆಸೆಯನ್ನು ಕೊಲ್ಲುವ ಇಂಥ ಮುಕ್ತಾಯವನ್ನು ತಾವು ಜನ್ಮದಲ್ಲಿ ಕಂಡಿಲ್ಲವೆಂದರು. ಭಾವನ ಕತ್ತು ಹಿಸುಕಲು ಓಡಿಬಂದಿದ್ದ ತಂಗಿಯ ಕೈಗಳು ಅರ್ಧದಾರಿಯಲ್ಲೇ ಜೋಡಿಕೊಂಡವು. ಸಭಾಂಗಣದವರು ಇನ್ನಷ್ಟು ಪ್ರದರ್ಶನಗಳಿಗೆ ಅಲ್ಲೇ ಒಪ್ಪಿದರು.

"ಭಾವ, ನನ್ನ ಮಾನ ಉಳಿಸಿದ್ರಿ. ಇನ್ನು ದಿನಾ ಬಂದು ಆರಿಸಿಕೊಡ್ತೀರಾ?" ಎಂದು ತಂಗಿ ಕೇಳಿದಳು.

ನಮ್ಮವರು ಮೊಣಕಾಲು ನೀವಿಕೊಳ್ಳುತ್ತ ಹೇಳಿದರು:

"ಅದಕ್ಯಾಕಮ್ಮ ದಿನಾ ಬರ್ಬೇಕು? ನೀವು ಹಾಕ್ದೇ ಇದ್ರೆ ಆಯ್ತಲ್ಲ."