ಕಿವಿ ಎರಡು, ಬಾಯಿ ಇಲ್ಲ

ಈ ಬೇಸಿಗೆಯಲ್ಲಿ ಒಂದೇ ಒಂದು ಸಲವೂ ಗಾಬರಿಯಾಗುವುದಿಲ್ಲವೆಂದು ನಮ್ಮಲ್ಲಿ ಬೇಸಿಗೆ ಶುರುವಾಗುವ ಡಿಸೆಂಬರ್ ಒಂದನೇ ತಾರೀಕು, ಬೆಳಗಿನ ತಿಂಡಿಯ ಮೇಜಿನ ಮುಂದೆ, ಗಂಡ ಹಾಗೂ ಏಳು ತಿಂಗಳ ಮಗಳ ಸಮಕ್ಷಮದಲ್ಲಿ ಘೋಷಿಸಿದೆ. ಮಗಳು ಪಿಪ್ಪ ಬಾಯಲ್ಲಿದ್ದ ಬಾಳೆಹಣ್ಣನ್ನು ಹೊರಕ್ಕೆ ತಳ್ಳಿದಳು. ಗಂಡ ಡೂಗಲ್ ಟೋಸ್ಟಿಗೆ ಬೆಣ್ಣೆ ಸವರುತ್ತಾ, "ಒಳ್ಳೇದು ಬ್ರಿಡಿ. ಸಾಯಂಕಾಲದವರೆಗಾದ್ರೂ ನಡೀಲಿ" ಎಂದ.

ಡೂಗಲ್ ನಮ್ಮ ಕೂರಾಬಿನ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವನು. ವಾರಕ್ಕೆ ಐದು ದಿನ ಟ್ರ್ಯಾಕ್ಟರ್ ರಿಪೇರಿ, ಕರೆ ಬಂದಾಗ ಬೆಂಕಿ. ನಾನು ಸಿಡ್ನಿಯಲ್ಲಿ ಹುಟ್ಟಿ, ಓದಿ, ಬೆಳೆದವಳು. ನನಗೆ ಗೊತ್ತಿದ್ದ ಬೆಂಕಿ ಎಂದರೆ ಟೋಸ್ಟರಿನಿಂದ ಹೊಗೆ ಬಂದು, ಚಾವಣಿಯ ಅಲಾರಂ ಕೂಗಿ, ಪಕ್ಕದ ಫ್ಲ್ಯಾಟಿನವರು ಗೋಡೆ ಗುದ್ದುವುದು. ಇಲ್ಲಿಯ ಬೆಂಕಿಗೆ ಗೋಡೆಯೇ ಇಲ್ಲ.

ಅವನು ಹೊರಟಾಗಲೆಲ್ಲ ನಾನು ಕಿಟಕಿಯ ಬಳಿ ನಿಂತು ಹೊಗೆಯ ಬಣ್ಣ ಪರೀಕ್ಷಿಸುತ್ತಿದ್ದೆ. ಬೂದು ಹೊಗೆ ಬಂದರೆ ನಾನು ವಿಧವೆ. ಕಪ್ಪು ಹೊಗೆ ಬಂದರೆ ನಾನು ವಿಧವೆ, ಜೊತೆಗೆ ಮನೆಯೂ ಇಲ್ಲ. ಹೊಗೆ ಕಾಣದಿದ್ದರೆ ಇನ್ನೂ ಕಷ್ಟ, ಕಲ್ಪನೆಗೆ ಲಗಾಮೇ ಇರುತ್ತಿರಲಿಲ್ಲ. ಇನ್ನು ಇದು ಸಾಕು, ವಿದ್ಯಾವಂತೆಯಾದ ನಾನು ವೈಜ್ಞಾನಿಕವಾಗಿಯೇ ಚಿಂತಿಸಬೇಕು ಎಂದುಕೊಂಡು ಪಕ್ಕದ ಮನೆಯ ನೊಯೆಲೀನ್ ಬಳಿ ಹೋದೆ.

ನೊಯೆಲೀನ್‌ಗೆ ಎಪ್ಪತ್ತನಾಲ್ಕು ವಯಸ್ಸು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನ ಗುಟ್ಟುಗಳನ್ನೆಲ್ಲ ತಂತಿಯಿಂದ ತಂತಿಗೆ ದಾಟಿಸಿದವರು. ಎಕ್ಸ್‌ಚೇಂಜ್ ಮುಚ್ಚಿತು, ಕಿವಿ ಮುಚ್ಚಲಿಲ್ಲ. ಅವರ ಶೆಡ್ಡಿನ ಗೋಡೆಯ ತುಂಬ ರೇಡಿಯೊಗಳು. ಒಂದನ್ನು ಇಳಿಸಿ ಧೂಳು ಒರೆಸಿದರು. ಯಾವುದೋ ಲಾರಿಯಲ್ಲಿ ದುಡಿದು ನಿವೃತ್ತವಾಗಿದ್ದ ಮೊಬೈಲ್ ರೇಡಿಯೊ. ಒಂದೇ ಪೆಟ್ಟಿಗೆ, ಒಳಗೆ ಎರಡು ರಿಸೀವರ್. ಎಡಗಡೆಯ ಸ್ಪೀಕರಿನಲ್ಲಿ ಹತ್ತಿರದ ವಾಹನಗಳು ತಮ್ಮತಮ್ಮಲ್ಲೇ ಆಡುವ ಮಾತು. ಬಲಗಡೆಯದರಲ್ಲಿ ಗೋಪುರಗಳ ಮೂಲಕ ಹರಿಯುವ ಜಿಲ್ಲೆಯ ಇಡೀ ಜಾಲ.

"ಇದರ ಬಾಯಿ ಕಿತ್ತಿದೀನಿ ಮಗಳೇ" ಎಂದರು, ಮೈಕ್ ಇರಬೇಕಾದ ತೂತಿಗೆ ಟೇಪ್ ಅಂಟಿಸುತ್ತಾ. "ಕೇಳ್ಬಹುದು, ಮಾತಾಡೋಕಾಗಲ್ಲ. ನೀನು ಗಾಬರೀಲಿ ಏನೇನೋ ಕೂಗಿ ಇಡೀ ಜಿಲ್ಲೇನ ಎಬ್ಬಿಸ್ಬಾರದಲ್ಲ."

"ನಾನು ಗಾಬರಿ ಬಿಟ್ಟುಬಿಟ್ಟಿದೀನಿ ನೊಯೆಲೀನ್."

"ಹೌದಾ? ಯಾವಾಗಿಂದ?"

"ಬೆಳಿಗ್ಗೆಯಿಂದ."

ಆಮೇಲೆ ಒಂದು ಗಂಟೆ ಆ ಜಾಲದ ಒಳಗುಟ್ಟನ್ನು ವಿವರಿಸಿದರು. ಪಿಪ್ಪ ಆಗ ಬೆಸುಗೆ ಕಡ್ಡಿಯತ್ತ ಕೈಚಾಚುತ್ತಿದ್ದುದರಿಂದ ನನ್ನ ತಲೆಗೆ ಅರ್ಧ ಹೋಯಿತು. ಉಳಿದರ್ಧಕ್ಕೆ ತಲೆಯಾಡಿಸಿದೆ.

ವಾಹನದ ರೇಡಿಯೊ ಅಲ್ಲವೇ, ಕಾರಿನಲ್ಲಿಯೇ ಕೂಡಿಸಿದೆವು. ಅಂದಿನಿಂದ ಡೂಗಲ್ ಬೆಂಕಿಗೆ ಹೊರಟರೆ ನಾನು ಮಗಳನ್ನೂ ಹಾಲಿನ ಬಾಟಲಿಯನ್ನೂ ಎತ್ತಿಕೊಂಡು ಮನೆಯ ಪಕ್ಕದ ಮಾಡಿನಡಿ ನಿಂತ ಕಾರಿನೊಳಗೆ ಪಟ್ಟಾಭಿಷಿಕ್ತಳಾಗುತ್ತಿದ್ದೆ. ದಾರಿಹೋಕರು ನಾವು ಗಂಡಹೆಂಡತಿ ಜಗಳವಾಡಿದ್ದೇವೆಂದು ತಿಳಿದು ಮೆಲ್ಲನೆ ಕೈಬೀಸಿ ಹೋಗುತ್ತಿದ್ದರು. ಬೀಸಲಿ. ನನಗೆ ಗಂಡನ ಧ್ವನಿ ಕೇಳುತ್ತಿತ್ತು. ಗಂಟೆಗೆ ನಾಲ್ಕು ಸಲ, ತಪ್ಪದೆ, ಅವರ ಫೈರ್ ಎಂಜಿನ್ನಿನ ಹೆಸರು ಹಿಡಿದು: "ಕೂರಾಬಿನ್ ಒಂದು. ನಾಲ್ಕು ಜನ. ಎಲ್ಲರೂ ಕ್ಷೇಮ." ಎಂಥ ಶಿಸ್ತು, ಎಂಥ ನಿಯಮ ಎಂದು ಇಲಾಖೆಯನ್ನು ಮನಸಾರೆ ಹೊಗಳುತ್ತಿದ್ದೆ.

ಫೆಬ್ರುವರಿಯ ಆ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕರೆ ಬಂತು. ಪ್ಯಾಡಿ ಗುಡ್ಡದ ಬುಡದಲ್ಲಿ ಹುಲ್ಲಿಗೆ ಬೆಂಕಿ. ಡೂಗಲ್ ಕೈಯಲ್ಲಿದ್ದ ಸಾಸೇಜ್ ರೋಲನ್ನು ತಟ್ಟೆಯಲ್ಲೇ ಬಿಟ್ಟು ಓಡಿದ. ನಾನು ಸಿಂಹಾಸನವೇರಿದೆ. ಎರಡೂಕಾಲಿಗೆ ಎಲ್ಲರೂ ಕ್ಷೇಮ. ಎರಡೂವರೆಗೆ ಕ್ಷೇಮ. ಎರಡೂಮುಕ್ಕಾಲಿಗೆ ಪಿಪ್ಪ ಕಿರುಚಿದ್ದರಿಂದ ಅರ್ಧ ಕ್ಷೇಮ.

ಮೂರು ಗಂಟೆಗೆ ಏನೂ ಇಲ್ಲ.

ಮೂರು ಹತ್ತಕ್ಕೂ ಇಲ್ಲ. ಎಡ ಸ್ಪೀಕರ್ ಮೌನ. ಬಲ ಸ್ಪೀಕರಿನಲ್ಲಿ ಪಂಚಾಯಿತಿಯವರು ಯಾವುದೋ ರಸ್ತೆಯಲ್ಲಿ ಸತ್ತ ವೊಂಬ್ಯಾಟ್ ಪ್ರಾಣಿಯನ್ನು ಯಾರು ಎತ್ತಬೇಕೆಂದು ಚರ್ಚಿಸುತ್ತಿದ್ದರು. ಡೂಗಲ್‌ಗೆ ಫೋನ್ ಮಾಡಿದೆ. ಅದು ಅಡುಗೆಮನೆಯಲ್ಲಿ, ಸಾಸೇಜ್ ರೋಲಿನ ಪಕ್ಕ ರಿಂಗಾಯಿತು. ದಳದ ಶೆಡ್ಡಿಗೆ ಮಾಡಿದೆ, ಎತ್ತುವವರಿಲ್ಲ. ನೊಯೆಲೀನ್ ಶನಿವಾರ ಕ್ಲಬ್ಬಿಗೆ, ಚೆಂಡುರುಳಿಸುವ ಬೌಲ್ಸ್ ಆಟಕ್ಕೆ ಹೋಗಿರುತ್ತಾರೆ. ಅಲ್ಲಿಗೇ ಮಾಡಿದೆ.

"ಸತ್ತುಹೋಗಿದೆ" ಎಂದೆ.

"ಯಾರು?"

"ರೇಡಿಯೊ. ಇಲ್ಲಾ ಡೂಗಲ್."

"ರೇಡಿಯೊ ಸತ್ತಿಲ್ಲ, ಡೂಗಲ್ಲೂ ಸತ್ತಿಲ್ಲ. ಗುಡ್ಡದ ಆ ಕಡೆ ಇಳಿದಿರ್ತಾರೆ. ಅಲ್ಲಿ ಬೇರೆ ಗೋಪುರ. ಅವರ ಸೆಟ್ಟು ಹೋದಕಡೆ ಗೋಪುರಕ್ಕೆ 'ನಾನಿಲ್ಲಿದೀನಿ' ಅನ್ನುತ್ತೆ, ಗೋಪುರ ಅವರ ಮಾತನ್ನ ಅಲ್ಲಿಗೆ ತಂದುಕೊಡುತ್ತೆ. ನಿನ್ನದಕ್ಕೆ ಬಾಯಿಲ್ಲ. ನೀನಿದೀಯ ಅಂತ ಯಾವ ಗೋಪುರಕ್ಕೂ ಗೊತ್ತಿಲ್ಲ. ಬೇರೆಯವರಿಗೆ ಅಂತ ತಂದದ್ದು ನಿನ್ನ ಕಿವಿಗೆ ಬಿದ್ರೆ ಪುಣ್ಯ. ಆವತ್ತೇ ಹೇಳಿದ್ನಲ್ಲ?"

"ಹೇಳಿದ್ರಾ?"

"ತಲೆ ಆಡಿಸ್ದೆ ನೀನು."

"ಆ ಗೋಪುರ ಕೇಳೋಕೆ ಏನ್ಮಾಡ್ಬೇಕು?"

"ಎತ್ತರಕ್ಕೆ ಹೋದ್ರೆ ಎರಡೂ ಸಿಗುತ್ತೆ. ಆದ್ರೆ ನೀನು ಈಗ..."

ಆ "ಆದ್ರೆ"ಯ ಆಚೆ ಏನಿತ್ತೋ ನನಗೆ ತಿಳಿಯದು. ಆಗಲೇ ಗೇರ್ ಹಾಕಿದ್ದೆ. ಗಂಡ ಗುಡ್ಡದಾಚೆ ಇದ್ದಾನೆಂದು ನನ್ನ ತಲೆ ಒಪ್ಪಿತ್ತು. ಹೊಟ್ಟೆ ಒಪ್ಪಿರಲಿಲ್ಲ. ನಮ್ಮ ಮನೆಯಲ್ಲಿ ಬಹುಮತ ಯಾವಾಗಲೂ ಹೊಟ್ಟೆಯದೇ.

ಪ್ಯಾಡಿ ಗುಡ್ಡದ ತುದಿಗೆ ಊರಿನ ಕಡೆಯಿಂದ ಹತ್ತೇ ನಿಮಿಷದ ದಾರಿ. ಬೆಂಕಿ ಆ ಮಗ್ಗುಲಲ್ಲಿದ್ದುದರಿಂದ ಈ ಕಡೆ ಹೊಗೆಯ ವಾಸನೆ ಮಾತ್ರ ಇತ್ತು. ತುದಿಯಲ್ಲಿ ಒಂದು ದೊಡ್ಡ ನೀರಿನ ಟ್ಯಾಂಕ್, ಅದರ ನೆರಳು, ನೆರಳಿನಲ್ಲಿ ಒಂದು ಕಾರಿಗೆ ಅಳತೆ ತೆಗೆದು ಮಾಡಿದಂಥ ಜಾಗ. ದೇವರು ಇದ್ದಾನೆ ಎಂದುಕೊಂಡು ಅಲ್ಲಿಯೇ ನಿಲ್ಲಿಸಿದೆ. ಎಂಜಿನ್ ಆರಿಸಿ, ಮಗುವಿಗೆ ಸೆಕೆಯಾಗದಿರಲೆಂದು ಫ್ಯಾನ್ ಹಾಕಿ, ರೇಡಿಯೊದ ಧ್ವನಿ ಪೂರ್ತಿ ಏರಿಸಿದೆ.

ಕಾಲು ಗಂಟೆ ಗೊರಗೊರ ಶಬ್ದ. ಆ ಕಾಲು ಗಂಟೆಯಲ್ಲಿ ನಾನು ಡೂಗಲ್‌ನ ಅಂತ್ಯಕ್ರಿಯೆಯ ಹಾಡು ಆರಿಸಿ, ಮನೆ ಮಾರಿ, ಪಿಪ್ಪಳನ್ನು ಸಿಡ್ನಿಯ ಶಾಲೆಗೆ ಸೇರಿಸಿ, ಅವಳ ಮದುವೆಯಲ್ಲಿ ಅಪ್ಪನ ಖಾಲಿ ಕುರ್ಚಿ ನೋಡಿ ಅಳುತ್ತಿದ್ದೆ. ಅಷ್ಟರಲ್ಲಿ ಬಲ ಸ್ಪೀಕರ್ ಕೆಮ್ಮಿತು.

"ಕೂರಾಬಿನ್ ಒಂದು. ಮೂರೂಮುಕ್ಕಾಲು. ನಾಲ್ಕು ಜನ. ಎಲ್ಲರೂ ಕ್ಷೇಮ."

ಡೂಗಲ್. ಅದೇ ನಿಧಾನ, ಅದೇ ಸ್ವಲ್ಪ ಮೂಗಿನ ಧ್ವನಿ. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಜೋರಾಗಿ ಅತ್ತೆ, ಅಳುತ್ತಲೇ ನಕ್ಕೆ. ಪಿಪ್ಪ ಗಾಬರಿಯಾಗಿ ತಾನೂ ಶುರು ಮಾಡಿದಳು.

ಎಡ ಸ್ಪೀಕರಿನಲ್ಲಿ ಬೇರೆ ಧ್ವನಿ. "ವಿಲ್ಗ ಎರಡು. ನೀರು ತುಂಬಿಸ್ಕೊಳ್ಳೋಕೆ ಪ್ಯಾಡಿ ಗುಡ್ಡದ ಟ್ಯಾಂಕಿಗೆ ಬಂದಿದೀವಿ. ಕೊಳಾಯಿಗೆ ಅಡ್ಡವಾಗಿ ಒಂದು ಬಿಳಿ ಕಾರು ನಿಂತಿದೆ."

ಯಾವ ಮೂರ್ಖ ಅಲ್ಲಿ ನಿಲ್ಲಿಸುತ್ತಾನಪ್ಪಾ ಎಂದುಕೊಂಡು ಕಣ್ಣೊರೆಸಿ ತಲೆಯೆತ್ತಿದೆ. ಹತ್ತು ಮೀಟರ್ ದೂರದಲ್ಲಿ ಪಕ್ಕದ ಊರು ವಿಲ್ಗದ ಕೆಂಪು ಫೈರ್ ಎಂಜಿನ್ ನಿಂತು ನನ್ನನ್ನೇ ನೋಡುತ್ತಿತ್ತು. ಮಾತು ಈಗ ಬಲ ಸ್ಪೀಕರಿಗೆ, ಅಂದರೆ ಇಡೀ ಜಿಲ್ಲೆಗೆ ಏರಿತ್ತು.

"ಒಳಗೆ ಒಬ್ಬ ಹೆಂಗಸು ಇದಾಳೆ. ಅಳ್ತಿದಾಳೆ. ನಗ್ತಾನೂ ಇದಾಳೆ."

"ಕುಡಿದಿದಾರಾ?" ಜಿಲ್ಲಾ ಕೇಂದ್ರ ಕೇಳಿತು.

"ಗೊತ್ತಿಲ್ಲ. ಒಂದು ಮಗು ಇದೆ."

"ನಾನು ಕುಡಿದಿಲ್ಲ" ಎಂದೆ. ರೇಡಿಯೊಗೆ. ಕಿಟಕಿ ಇಳಿಸಿ ಎದುರಿನ ಜೀವಂತ ಮನುಷ್ಯರಿಗೆ ಹೇಳಬಹುದಿತ್ತು. ನಾನು ಟೇಪ್ ಅಂಟಿಸಿದ ತೂತಿಗೆ ಬಾಯಿಟ್ಟು, "ನಾನು ಗೃಹಸ್ಥೆ" ಎಂದು ವಾದಿಸುತ್ತಿದ್ದೆ.

"ಈಗ ರೇಡಿಯೊ ಜೊತೆ ಮಾತಾಡ್ತಿದಾಳೆ" ಎಂದಿತು ವಿಲ್ಗ ಎರಡು.

ಕೀ ತಿರುಗಿಸಿದೆ. ಟಕ್. ಇನ್ನೊಮ್ಮೆ. ಟಕ್. ಮಧ್ಯಾಹ್ನದಿಂದ ಎರಡು ಕಿವಿಗಳಿಗೂ ಒಂದು ಫ್ಯಾನಿಗೂ ಉಣಿಸಿದ ಬ್ಯಾಟರಿ ಕೈಚೆಲ್ಲಿತ್ತು.

"ಕಾರಿನ ನಂಬರ್ ಹೇಳಿ" ಎಂದಿತು ಕೇಂದ್ರ. ಅವರು ಓದಿದರು. ಒಂದೊಂದೇ ಅಕ್ಷರ, ಒಂದೊಂದೇ ಅಂಕಿ, ಸ್ಪಷ್ಟವಾಗಿ, ಎರಡು ಸಲ.

ಆಮೇಲೆ ಡೂಗಲ್‌ನ ಧ್ವನಿ ಬಂತು. ನಿಧಾನ ಮಾಯವಾಗಿತ್ತು. "ಅದು ನನ್ನ ಹೆಂಡ್ತಿ. ಮಗು ಉಸಿರಾಡ್ತಿದೆಯಾ? ಇಬ್ಬರೂ ಹೇಗಿದಾರೆ? ಯಾರಾದ್ರೂ ಹೇಳಿ."

ನಾನು ಇಷ್ಟು ದಿನ ಅವನ ಕ್ಷೇಮ ಆಲಿಸಿದ್ದೆನೇ ಹೊರತು, ನನ್ನದನ್ನು ಯಾರಾದರೂ ಕೇಳಲು ಕಾದಿರಬಹುದೆಂದು ಹೊಳೆದೇ ಇರಲಿಲ್ಲ. ಆಗ ಕಿಟಕಿ ನೆನಪಾಯಿತು. ಇಳಿಸಿ, ತಲೆ ಹೊರಹಾಕಿ ಕೂಗಿದೆ: "ಚೆನ್ನಾಗಿದೀವಿ ಅಂತ ಹೇಳಿ ಅವನಿಗೆ. ಹಾಗೇ, ಸ್ವಲ್ಪ ತಳ್ಳಿ."

ತಳ್ಳಿದರು. ನೀರು ತುಂಬಲು ಎಂಟು ನಿಮಿಷ ತಡವಾಯಿತು. ಆ ಎಂಟು ನಿಮಿಷದಲ್ಲಿ ಬೆಂಕಿ ಯಾರದೋ ನಲವತ್ತು ಮೀಟರ್ ಬೇಲಿ ತಿಂದಿತು. ಒಂದು ತಾಸಿನ ಮೇಲೆ, ಬೆಂಕಿ ತಹಬಂದಿಗೆ ಬಂದಾಗ, ನಮ್ಮ ದಳದ ಕ್ಯಾಪ್ಟನ್ ಕ್ಲೆಮ್, ಡೂಗಲ್‌ನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದರು.

"ಕ್ಲೆಮ್, ತಪ್ಪಾಯ್ತು. ಆ ಬೇಲಿ..."

"ಬೇಲಿ ಭಾನುವಾರ ಕಟ್ಟೋಣ, ನೀನೂ ಬಾ. ಈಗ ಇವನ್ನ ಕರ್ಕೊಂಡು ಹೋಗಮ್ಮ. ಮಧ್ಯಾಹ್ನದಿಂದ ಚೆನ್ನಾಗೇ ಇದ್ದ. ನಂಬರ್ ಓದಿದ ಮೇಲೆ ಎರಡು ಸಲ ಬೆಂಕಿ ಬಿಟ್ಟು ನನ್ನ ಮೇಲೇ ನೀರು ಬಿಟ್ಟ. ಪೈಪ್ ಹಿಡಿಯೋಕೆ ಲಾಯಕ್ಕಿಲ್ಲ."

ಅವರ ಬ್ಯಾಟರಿಯಿಂದ ತಂತಿ ಕೊಟ್ಟು ಕಾರನ್ನು ಎಬ್ಬಿಸಿದರು. ಇಳಿಯಲು ಕಾರು ತಿರುಗಿಸಿದೆ. ರೇಡಿಯೊ ಮಾತಾಡಿತು. ಈ ಸಲ ಕ್ಲೆಮ್: "ಕೂರಾಬಿನ್ ಒಂದು. ಐದೂಕಾಲು. ಈಗ ಮೂರು ಜನ. ಎಲ್ಲರೂ ಕ್ಷೇಮ."

"ಎಷ್ಟು ಒಳ್ಳೆ ನಿಯಮ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ನಿಯಮ ಅಲ್ಲ ಅದು. ಕ್ಲೆಮ್ ಶುರು ಮಾಡಿದ್ದು, ಅವರ ಹೆಂಡ್ತಿ ಮರ್ಲ್‌ಗೋಸ್ಕರ. ಅವರ ಹತ್ರಾನೂ ಒಂದು ಡಬ್ಬ ಇದೆ. ದಳದ ಎಲ್ಲರ ಮನೇಲೂ ಇದೆ. ನೊಯೆಲೀನೇ ಮಾಡಿಕೊಟ್ಟಿದ್ದು."

"ಎಲ್ಲರ ಮನೇಲೂ?"

"ಹನ್ನೊಂದು ಅಡುಗೆಮನೆ. ಫ್ರಿಜ್ ಮೇಲೆ ಇಟ್ಕೊಂಡು, ಗೋಡೆ ಕರೆಂಟಿಗೆ ಹಾಕ್ಕೊಂಡು ಕೇಳ್ತಾರೆ. ಕಾರಲ್ಲಿ ಕೂತು ಕೇಳೋಳು ನೀನೊಬ್ಳೇ."

"ಗುಡ್ಡದ ಆಚೆ ಹೋದಾಗ?"

"ಒಬ್ರಿಗೊಬ್ರು ಫೋನ್ ಮಾಡ್ಕೋತಾರೆ. ಎರಡು ವರ್ಷ ಆಯ್ತು ನೀನು ಬಂದು. ನಿನ್ನ ನಂಬರ್ ಯಾರ ಹತ್ರಾನೂ ಇಲ್ಲ ಬ್ರಿಡಿ. ಕೊಟ್ಟಿಲ್ಲ ನೀನು."

"ಹಾಗಾದ್ರೆ ಇವತ್ತು ನಾನು ಅತ್ತಿದ್ದು, ನಕ್ಕಿದ್ದು, ಕುಡಿದಿದಾಳಾ ಅಂತ ಕೇಳಿದ್ದು..."

"ಈಗ ಎಲ್ಲರ ಹತ್ರಾನೂ ನಿನ್ನ ನಂಬರ್ ಇದೆ. ಕಾರಿಂದು."

ಮನೆಯ ಬಾಗಿಲಿಗೆ ಬಂದಾಗ ಮೆಟ್ಟಿಲ ಮೇಲೆ ಮೂರು ಗಾಜಿನ ಪಾತ್ರೆಗಳು, ಮೇಲೆ ಅಲ್ಯುಮಿನಿಯಂ ಹಾಳೆ ಮುಚ್ಚಿ, ಬಟ್ಟೆ ಸುತ್ತಿ ಸಾಲಾಗಿ ಕೂತಿದ್ದವು. ನಡುವಿನ ಪಾತ್ರೆಗೆ ಒಂದು ಚೀಟಿ. ಕೆಳಗೆ ಮರ್ಲ್ ಎಂಬ ಸಹಿ, ಫೋನ್ ನಂಬರ್, ಮೇಲೆ ದುಂಡನೆಯ ಅಕ್ಷರ:

"ಮೊದಲ ವರ್ಷ ನಾನು ನಮ್ಮವರನ್ನ ಹುಡುಕೋಕೆ ಹೆಲಿಕಾಪ್ಟರನ್ನೇ ಕರೆಸಿದ್ದೆ. ಅವರು ಶೆಡ್ಡಿನಲ್ಲಿ ಚಹಾ ಕುಡೀತಿದ್ದರು. ಟ್ಯೂನ ಮೀನು ಮತ್ತು ಮ್ಯಾಕರೋನಿ. ಓವನ್ನಿನಲ್ಲಿ ನೂರಾ ಎಂಬತ್ತು ಡಿಗ್ರಿಗೆ ಇಪ್ಪತ್ತು ನಿಮಿಷ."