ನೂರ ಹನ್ನೆರಡನೇ ಪುಟದ ನೊರೆ

ಬಾಯಿ ಅನ್ನುವುದೊಂದು ಇಲ್ಲದಿದ್ದರೆ ಅಲ್ಪವಿರಾಮನ ಭಾನುವಾರ ಹಾಸಿಗೆಯಲ್ಲೇ ಸುಖವಾಗಿ ಕಳೆದುಹೋಗುತ್ತಿತ್ತು.

ಅಲ್ಪವಿರಾಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಕರಡು ತಿದ್ದಿ ತಿದ್ದಿ ಬೆನ್ನು ಬಾಗಿ, ಮೇಲೆ ದಪ್ಪ ತಲೆ, ಕೆಳಗೆ ಸಣ್ಣ ಬಾಲದಂತೆ ಕಾಣುತ್ತಿದ್ದುದರಿಂದ ಜತೆಯವರು ಇಟ್ಟದ್ದು. ಶನಿವಾರ ‘ಮನೆಯಲ್ಲೇ ನೂರೊಂದು ಪಾನೀಯ’ ಎಂಬ ಪುಸ್ತಕದ ಎರಡು ಸಾವಿರ ಪ್ರತಿ ಬೈಂಡಾಗಿ ಬಂದವು. ಪ್ರೆಸ್ಸಿನ ಯಜಮಾನರು ಒಂದನ್ನು ಎತ್ತಿ ಮೂಸಿ, “ತಪ್ಪುಗಿಪ್ಪು ಇಲ್ಲ ತಾನೇ?” ಅಂದರು.

ಸುಮ್ಮನೆ ತಲೆಯಾಡಿಸಿದ್ದರೆ ಆಗಿತ್ತು. ಆದರೆ ಅಲ್ಪವಿರಾಮನ ಒಳಗೆ ಮಲಗಿದ್ದ ಸಿನಿಮಾ ಹೀರೋ ಎದ್ದು ಕೂತ. ಫ್ಯಾನಿನ ಗಾಳಿಗೆ ಇದ್ದ ನಾಲ್ಕು ಕೂದಲೂ ಸ್ಲೋ ಮೋಷನ್ನಿನಲ್ಲಿ ಹಾರಿದವು.

“ಸಾರ್, ಈ ಕೈ ದಾಟಿ ಹೋದ ಅಕ್ಷರಕ್ಕೆ ತಪ್ಪು ಮಾಡೋ ಧೈರ್ಯ ಇಲ್ಲ! ಯಾವ ಪುಟ ಬೇಕಾದ್ರೂ ತೆಗೀರಿ. ಅದರಲ್ಲಿರೋ ಹಾಗೇ ಮಾಡಿ ಕುಡಿಸ್ತೀನಿ.”

ಯಜಮಾನರು ತೆಗೆದೇಬಿಟ್ಟರು. ಪುಟ ನೂರ ಹನ್ನೆರಡು, ನಿಂಬೆ ವಿಸ್ಕಿ. “ನಾಳೆ ನಾಲ್ಕು ಗಂಟೆಗೆ ನಿಮ್ಮ ಮನೇಲಿ. ಚೆನ್ನಾಗಿದ್ರೆ ಆ ಕುರ್ಚಿ ವಿಷಯಾನೂ ಅಲ್ಲೇ ಮುಗಿಸೋಣ.”

ಆ ಕುರ್ಚಿ ಅಂದರೆ ಮುಖ್ಯ ಕರಡು ತಿದ್ದುವವರ ಕುರ್ಚಿ. ಕಿಟಕಿ ಪಕ್ಕದ್ದು, ತಿರುಗುವಂಥದ್ದು. ಹಿಂದಿದ್ದವರು ನಿವೃತ್ತರಾಗಿ ಮೂರು ತಿಂಗಳಿಂದ ಖಾಲಿ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಅಲ್ಪವಿರಾಮ ಅದರಲ್ಲಿ ಕೂತು ಎರಡು ಸುತ್ತು ತಿರುಗಿ, ತಲೆ ಸುತ್ತಿ, ಆ ಸುಖದಲ್ಲೇ ಬದುಕಿದ್ದ.

ಭಾನುವಾರ ಮೂರು ಗಂಟೆಗೆ ಅಡುಗೆಮನೆಯಲ್ಲಿ ಪುಸ್ತಕ ತೆರೆದು ಗಟ್ಟಿಯಾಗಿ ಓದಿದ. “ವಿಸ್ಕಿ ಅರವತ್ತು ಮಿಲಿ. ನಿಂಬೆರಸ ಮೂವತ್ತು. ಸಕ್ಕರೆ ಪಾಕ ಇಪ್ಪತ್ತು. ಒಂದು ಮೊಟ್ಟೆಯ ಬಿಳಿ. ಸೋಪಿನ ಪುಡಿ ಒಂದು ಚಿಟಿಕೆ. ಮುಚ್ಚಿದ ಪಾತ್ರೆಯಲ್ಲಿ ಚೆನ್ನಾಗಿ ಕುಲುಕಿದರೆ ಮೇಲೆ ದಪ್ಪ ನೊರೆ ನಿಲ್ಲುತ್ತದೆ.”

ನಿಂಬೆಹಣ್ಣು ಹಿಂಡುತ್ತಿದ್ದ ಹೆಂಡತಿಯ ಕೈ ನಿಂತಿತು. ಅವಳು ಶಾಲೆಯಲ್ಲಿ ಹತ್ತು ವರ್ಷ ಮಕ್ಕಳ ಉಕ್ತಲೇಖನ ತಿದ್ದಿದವಳು. ಶಾಲೆ ಮುಚ್ಚಿದ ಮೇಲೆ ಬಿಸ್ಕತ್ತಿನ ಪೊಟ್ಟಣದ ಮೇಲಿನ ಕಾಗುಣಿತ ತಿದ್ದಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

“ರೀ, ಕುಡಿಯೋದಕ್ಕೆ ಯಾರಾದ್ರೂ ಸೋಪು ಹಾಕ್ತಾರಾ? ಅಲ್ಲಿ ಏನೋ...”

“ಅಚ್ಚಾದ ಮೇಲೆ ಏನೋ ಗೀನೋ ಇಲ್ಲ. ಮೂರು ಸಲ ಓದಿದ್ದೀನಿ.”

“ಮೂರು ಸಲ ಓದಿದ್ರಿ, ಸರಿ. ಒಂದು ಸಲ ಯೋಚನೆ ಮಾಡಿದ್ರಾ?”

ಅಷ್ಟರಲ್ಲಿ ಪಕ್ಕದ ಮನೆಯ ಪ್ಲಂಬರ್ ಬಾಗಿಲಲ್ಲಿ ನಿಂತಿದ್ದ. ನಲ್ಲಿ ಸೋರುತ್ತಿದೆ ಬಾರಯ್ಯಾ ಎಂದು ಹತ್ತು ಸಲ ಕರೆದರೂ ಕೇಳಿಸದ ಕಿವಿಗೆ, ಬಾಟಲಿ ಮುಚ್ಚಳ ತಿರುಗಿದ ಸದ್ದು ಎರಡು ಗೋಡೆ ದಾಟಿ ಕೇಳಿಸಿತ್ತು.

“ಅಕ್ಕಾ, ಅಣ್ಣ ಹೇಳೋದೇ ಸರಿ. ಇಪ್ಪತ್ತು ವರ್ಷದಿಂದ ಪೈಪಲ್ಲಿ ಕೈ ಹಾಕ್ತಿದ್ದೀನಿ. ಎಲ್ಲಿ ನೊರೆ ಬಂದ್ರೂ ಹಿಂದೆ ಸೋಪು ಇದ್ದೇ ಇರುತ್ತೆ. ತನ್ನಿ, ನಾನೇ ಹಾಕ್ತೀನಿ.”

ಹಾಕಿದ. ಪ್ಲಂಬರನ ಚಿಟಿಕೆ ಅಂದರೆ ಬೇರೆಯವರ ಹಿಡಿ.

ಕುಲುಕಲು ಸಿಕ್ಕಿದ್ದು ಸ್ಟೀಲಿನ ಫ್ಲಾಸ್ಕು. ಅಲ್ಪವಿರಾಮ ಅದನ್ನು ಎರಡು ಕೈಯಲ್ಲಿ ಹಿಡಿದು, ಮೈಮೇಲೆ ಏನೋ ಬಂದವನಂತೆ ಕುಲುಕಿದ. ಫ್ಲಾಸ್ಕಿಗಿಂತ ಅವನೇ ಹೆಚ್ಚು ಕುಲುಕಿದ. ನಿಲ್ಲಿಸಿ ನೋಡಿದರೆ ಮುಚ್ಚಳ ಬಿಗಿದು ಕೂತುಬಿಟ್ಟಿದೆ.

“ಅಣ್ಣಾ, ನೀವು ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದು ಪ್ಲಂಬರ್ ಪೈಪ್ ರೆಂಚು ತಂದು ಮುಚ್ಚಳಕ್ಕೆ ಹಾಕಿ ತಿರುಗಿಸಿದ. ಮುಚ್ಚಳ ತಿರುಗಲಿಲ್ಲ, ಅಲ್ಪವಿರಾಮ ತಿರುಗಿದ. ಹಿಂದಕ್ಕೆ ತಿರುಗಿಸಿದ. ಅವನು ಹಿಂದಕ್ಕೆ ಬಂದ.

“ನೀವು ತಿರುಗ್ಬೇಡಿ ಅಣ್ಣಾ!”

“ನಾನೆಲ್ಲಯ್ಯಾ ತಿರುಗ್ತಿದ್ದೀನಿ? ನೀನು ತಿರುಗಿಸ್ತಿದ್ದೀಯ!”

ಮೂರನೇ ಸಲಕ್ಕೆ ‘ಡಬ್’ ಅಂತು. ಮುಚ್ಚಳ ಹೋಗಿ ಸೂರಿಗೆ ಬಡಿಯಿತು. ಹಿಂದೆಯೇ ನೊರೆ ಎದ್ದಿತು. ಒಲೆ, ಗೋಡೆ, ಅಂಗಿ ಎಲ್ಲ ಒಂದೇ ಬಣ್ಣವಾಯಿತು. ಪ್ಲಂಬರ್ ಮೀಸೆಗೆ ಅಂಟಿದ್ದನ್ನು ನೆಕ್ಕಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟ. “ವಿಸ್ಕಿ ಒಳ್ಳೇದೇ ಅಣ್ಣಾ. ಆದ್ರೆ ನಾಲಿಗೆ ಒಗೆದು ಒಣಗಿಸಿದ ಹಾಗಿದೆ.” ಆಮೇಲೆ ಒಂದು ಬಿಕ್ಕಳಿಕೆ ಬಂತು. ಅದರ ಜತೆಗೊಂದು ಗುಳ್ಳೆಯೂ ಬಂತು. ಮೂವರೂ ಆ ಗುಳ್ಳೆ ಕಿಟಕಿಯಿಂದ ಆಚೆ ತೇಲಿ ಹೋಗುವುದನ್ನು ಶಾಂತವಾಗಿ ನೋಡಿದರು. ಪ್ಲಂಬರ್ ರೆಂಚು ಎತ್ತಿಕೊಂಡು ತಾನೂ ಅದೇ ದಿಕ್ಕಿಗೆ ಹೋದ.

“ಈಗಲಾದ್ರೂ...” ಅಂದಳು ಹೆಂಡತಿ.

“ಪುಸ್ತಕದ್ದಲ್ಲ ತಪ್ಪು, ಅವನ ಚಿಟಿಕೇದು!”

ಬಾಗಿಲ ಗಂಟೆ ಸದ್ದಾಯಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ! ಬಾಟಲಿಯ ತಳದಲ್ಲಿ ಇನ್ನೊಂದೇ ಒಂದು ಸಲಕ್ಕಾಗುವಷ್ಟು ಉಳಿದಿತ್ತು. ಅಲ್ಪವಿರಾಮನ ಮುಖ ಕ್ಲೈಮ್ಯಾಕ್ಸಿಗೆ ಮುಂಚೆಯೇ ಗುಂಡು ತಿಂದವನಂತಾಯಿತು.

“ನೀವು ಅಂಗಿ ಬದಲಾಯಿಸಿ, ಅವರನ್ನ ಕೂರಿಸಿ” ಅಂದಳು ಹೆಂಡತಿ. “ಇದನ್ನ ನಾನು ಮಾಡ್ತೀನಿ.”

“ಪುಸ್ತಕದಲ್ಲಿರೋ ಹಾಗೇ ಕಣೇ! ಒಂದಕ್ಷರ ಆಚೀಚೆ ಆಗಬಾರದು.”

“ಅಕ್ಷರ ನಾನು ನೋಡ್ಕೊಳ್ತೀನಿ. ಹೋಗಿ.”

ಯಜಮಾನರು ನಡುಮನೆಯಲ್ಲಿ ಕೂತು, ಬಂದ ಗ್ಲಾಸನ್ನು ಬೆಳಕಿಗೆ ಹಿಡಿದರು. ಕೆಳಗೆ ಜೇನಿನ ಬಣ್ಣ, ಮೇಲೆ ಹತ್ತಿಯಂಥ ನೊರೆ. ಒಂದು ಗುಟುಕು ಇಳಿಯಿತು. ಅವರ ಗಂಟಲಮಣಿಯ ಜತೆ ಅಲ್ಪವಿರಾಮನ ಜೀವವೂ ಮೇಲೆ ಕೆಳಗೆ ಹೋಗಿ ಬಂತು. ಗುಳ್ಳೆ ಬರಲಿಲ್ಲ.

“ಅಬ್ಬಾ!” ಅಂದರು ಯಜಮಾನರು. “ಮೊದಲು ಹುಳಿ, ಆಮೇಲೆ ಸಿಹಿ. ಕೊನೇಲಿ ಮೆಲ್ಲಗೆ ಒಂದು ಘಮ ಬರುತ್ತಲ್ಲ, ಏನ್ರೀ ಅದು?”

“ಎಲ್ಲಾ ಪುಸ್ತಕದ್ದೇ ಸಾರ್. ಅಕ್ಷರ ಅಕ್ಷರವೂ.”

“ಭೇಷ್! ಹಾಗಾದ್ರೆ ಕುರ್ಚಿ ನಿಮ್ದೇ ಅನ್ಕೊಳ್ಳಿ.”

ಅಲ್ಪವಿರಾಮನ ಕಿವಿಯಲ್ಲಿ ನೂರು ಪಿಟೀಲು ಒಟ್ಟಿಗೆ ಮೊಳಗಿದವು. ಯಜಮಾನರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಘಮದ ಮೂಲ ಹುಡುಕಲು ಮೇಜಿನ ಮೇಲಿದ್ದ ಪುಸ್ತಕ ತೆಗೆದು ಬೆರಳಿಟ್ಟು ಓದತೊಡಗಿದರು. ಬೆರಳು ವಿಸ್ಕಿ ದಾಟಿತು, ನಿಂಬೆ ದಾಟಿತು, ಮೊಟ್ಟೆ ದಾಟಿತು. ಒಂದು ಕಡೆ ಬಂದು ನಿಂತಿತು. ಪಿಟೀಲುಗಳೂ ನಿಂತವು.

“ಸೋಪಿನ ಪುಡೀನಾ? ನನಗೆ ಸೋಪು ಕುಡಿಸಿದ್ರೇನ್ರೀ?”

“ಒಂದೇ ಒಂದು ಚಿಟಿಕೆ ಸಾರ್!”

ಯಜಮಾನರು ಬಾಯಿ ಮುಚ್ಚಿಕೊಂಡು ಕೈ ತೊಳೆಯುವ ಬೇಸಿನ್ನಿನ ಕಡೆ ಓಡಿದರು. ಹೆಂಡತಿ ಅಡ್ಡ ಬಂದು ಒಂದು ಚಿಕ್ಕ ಡಬ್ಬಿ ತೆರೆದು ತೋರಿಸಿದಳು.

“ಸೋಪಲ್ಲ ಸಾರ್, ಸೋಂಪು! ಅಚ್ಚಿನಲ್ಲಿ ಸೋ ಪಕ್ಕದ ಸೊನ್ನೆ ಬಿಟ್ಟುಹೋಗಿದೆ. ನಾನು ಹಾಕಿದ್ದು ಸೋಂಪನ್ನೇ. ಇವರು ಫ್ಲಾಸ್ಕ್ ಕುಲುಕ್ತಿದ್ದಾಗ ಹಾಗೇ ಪುಟ ತಿರುಗಿಸಿದೆ. ನಲವತ್ತನೇ ಪುಟದಲ್ಲಿ ಹಾಲು ಹೋಗಿ ಹಲ್ಲಾಗಿದೆ. ‘ಎರಡು ಲೋಟ ಹಲ್ಲು ಕಾಯಿಸಿ’ ಅಂತಿದೆ.”

ಯಜಮಾನರು ನಿಧಾನವಾಗಿ ವಾಪಸು ಬಂದು ಕೂತರು. ಡಬ್ಬಿ ಮೂಸಿದರು. ಪುಸ್ತಕ ನೋಡಿದರು. ಅಲ್ಪವಿರಾಮನನ್ನು ನೋಡಿದರು. ಉಳಿದ ಅರ್ಧ ಗ್ಲಾಸನ್ನು ಸಮಾಧಾನವಾಗಿ ಮುಗಿಸಿ, ತುಟಿ ಒರೆಸಿಕೊಂಡು ಕೇಳಿದರು.

“ಅಮ್ಮಾ, ನೀವು ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?”



ಮರುದಿನ ಪ್ರೆಸ್ಸಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಮೂರು ತಿಂಗಳ ಮೇಲೆ ರಾಜಾರೋಷವಾಗಿ ತಿರುಗಿತು. ಅದರಲ್ಲಿ ಅವಳು ಕೂತಿದ್ದಳು. ಅವಳೆದುರಿನ ಮೇಜಿನ ಮೇಲೆ ಎರಡು ಸಾವಿರ ಪ್ರತಿಗಳ ಗುಡ್ಡ, ಗುಡ್ಡದ ಹಿಂದೆ ಅಲ್ಪವಿರಾಮ. ಒಂದೊಂದನ್ನೇ ತೆಗೆದು, ನೂರ ಹನ್ನೆರಡನೇ ಪುಟ ಬಿಡಿಸಿ, ಕಪ್ಪು ಪೆನ್ನಿನಲ್ಲಿ ಸೊನ್ನೆ ಇಡುತ್ತಿದ್ದ. ಆಸೆಪಟ್ಟಿದ್ದು ಒಂದು ಕುರ್ಚಿಗೆ, ಕೈಗೆ ಬಂದದ್ದು ಸೊನ್ನೆ. ಅದೂ ಒಂದಲ್ಲ, ಎರಡು ಸಾವಿರ.

“ರೀ, ಸೊನ್ನೆ ದುಂಡಗಿರಲಿ” ಅಂದಳು ಅವಳು, ಮೆಲ್ಲಗೆ ಅರ್ಧ ಸುತ್ತು ತಿರುಗಿ.

“ಆಯ್ತು ಮೇಡಂ.”

“ಬೇಗ ಬೇಗ ಮುಗಿಸಿ. ಮಧ್ಯಾಹ್ನದ ಮೇಲೆ ನಲವತ್ತನೇ ಪುಟದ ಹಲ್ಲು ಕೀಳೋದಿದೆ.”